ಆರು ಜನ, ಒಂದು ಬಚ್ಚಲು

ಜುಬೈಲ್ ಕ್ಯಾಂಪಿನ ಹದಿನೇಳನೇ ಕೋಣೆ.
ನಾಲ್ಕಕ್ಕೆ ಬಸ್ಸು.
ಯಾರ ಹಿಂದೆ ಯಾರು? ಏಳುನೂರ ಇಪ್ಪತ್ತು ಸಾಲು,
ಸಾಲಿಗೊಂದು ಗೊಣಗು.

ಗೊಣಗನ್ನೆಲ್ಲ ಬಿಡಿ ಸ್ವರಗಳಾಗಿ ಬಿಡಿಸಬಹುದು
ಅಂದ ಲಾದ್ರು, ಗಣಿತ ಓದಿದ ವೆಲ್ಡರು,
ರಾಡಿನ ಡಬ್ಬಿ ಬಿಚ್ಚಿ ರಟ್ಟಿನ ಮೇಲೆ ಗೀಚುತ್ತ:
ಒಂದೊಂದೇ ಸಾಲು ತೂಗಿದರೆ ಬೆಳಗಾದೀತು ಮಾರಾಯ,
ಕೊನೆಯವನನ್ನು ಕೊನೆಗೇ ನಿಲ್ಲಿಸು,
ಉಳಿದೈವರ ಲೆಕ್ಕ ಮುಗಿಸು;
ಐವರೊಳಗೆ ನಾಲ್ವರು, ನಾಲ್ವರೊಳಗೆ ಮೂವರು.
ಒಮ್ಮೆ ಕೂಡಿದ್ದನ್ನು ಮತ್ತೆ ಕೂಡಬೇಡ,
ಜಾಗ ಬದಲಿಸಿ ಅದನ್ನೇ ಇಡು.

ಬಚ್ಚಲೊಳಗಿಂದ ಬಾವುಂಞಿ:
"ಈ ಸೋಪು ಯಾರದು?"

ರಂಜಾನ್ ಮುಗಿದ ವಾರ
ಲಾದ್ರುವಿಗೆ ಫೈನಲ್ ಎಕ್ಸಿಟ್ ಬಂತು.
ಕೊನೆಯವನೆಂದು ತನ್ನನ್ನೇ ಬರೆದುಕೊಂಡಿದ್ದ.

ಹೊಸ ಲೆಕ್ಕ ಬೇಕಾಗಲಿಲ್ಲ.
ಐವರದ್ದು ಆರರೊಳಗೇ ಇತ್ತು,
ಅವನದೇ ಅಕ್ಷರದಲ್ಲಿ.

ಈಗ ಬಸ್ಸಿಗೆ ಹತ್ತು ನಿಮಿಷ ಮೊದಲೇ
ಹೊರಗೆ ನಿಂತಿರುತ್ತೇವೆ.