ಷರಾ

ಪಣಜಿಯಿಂದ ವೀಕ್ಷಕರು ಬಂದಾಗ
ಪಾವಿನವನ ಪೋಂ ಪೋಂ ಇನ್ನೂ ಚಾಪೆಲ್ಲಿನ ತಿರುವು ದಾಟಿರಲಿಲ್ಲ.
ಶಾಯಿಯ ಬಾಟಲಿ ಅಲುಗಿಸುತ್ತ ಕೂತಿದ್ದೆ ನಾನು
ಮೂರನೇ ಇಯತ್ತೆಯ ಗಿಡ್ಡ ಬೆಂಚಿನಲ್ಲಿ,
ಮೊಣಕಾಲು ಗದ್ದಕ್ಕೆ ತಾಗುವಂತೆ.

ಅವರ ಕೈಯಲ್ಲೊಂದು ನಮೂನೆ, ಮೂವತ್ತೊಂದು ಪ್ರಶ್ನೆ.
ಪೆಟ್ಟಿಗೆ ಖಾಲಿ ಇತ್ತೇ? ಇತ್ತು.
ಏಜೆಂಟರ ಎದುರೇ ಅರಗು ಹಾಕಿದಿರೇ? ಹಾಕಿದೆವು.
ನೂರು ಮೀಟರಿಗೆ ಸುಣ್ಣದ ಗೆರೆ?
ಎಳೆದಿದ್ದೇವೆ ಸರ್, ಒಂದು ಕೋಳಿ ಮಾತ್ರ ದಾಟಿದೆ.
ನಗಲಿಲ್ಲ. ಹೌದು ಎಂಬ ಚೌಕಕ್ಕೆ ಗುರುತು ಹಾಕಿದರು.

ಒಂಬತ್ತೂವರೆಗೆ ಪಿಯೆದಾದ್, ಬುಟ್ಟಿ ಹೊರಗಿಟ್ಟು,
ಬಂಗಡೆ ಸೀಳಿದ ಬೆರಳು ಚಾಚಿದಳು.
ಮೀನೆಣ್ಣೆಯ ಮೇಲೆ ಶಾಯಿ ನಿಲ್ಲದು, ಮಣಿಯಾಗಿ ಉರುಳಿತು.
ಸೆರಗಿನಲ್ಲಿ ಒರೆಸಿ ಮತ್ತೆ ಹಚ್ಚಿದೆ, ಮತ್ತೆ ಜಾರಿತು.
ನಮ್ಮ ಬಂಗಡೆಗೆ ಪಂಚಾಯತಿಯ ಭಯವಿಲ್ಲ ಬಾಯೇ, ಅಂದಳು.
ಷರಾ ಕಾಲಮ್ಮಿನಲ್ಲಿ ವೀಕ್ಷಕರು ಬರೆದರು:
ಶಾಯಿ ಸಮಾಧಾನಕರ.

ಆಮೇಲೆ ಗುಡ್ಡದ ಚಾಳಿನಿಂದ ದುರಗವ್ವ,
ನನ್ನ ಸೀಮೆಯವಳು, ಗಜೇಂದ್ರಗಡದ ಕಡೆ,
ಇಪ್ಪತ್ತಾರು ವರುಷ ಇಲ್ಲಿಯ ಬುನಾದಿಗಳಿಗೆ ಕಲ್ಲು ಹೊತ್ತವಳು.
ಮೂರನೇ ವಾರ್ಡಿನ ಯಾದಿಯಲ್ಲಿ ಗಂಡನಿದ್ದಾನೆ.
ನಾಲ್ಕರಲ್ಲಿ ಮಗ.
ಅವಳಿಲ್ಲ.
"ಹೋದ ಸರ್ತಿ ಇದ್ದೆನ್ರೀ ಅಕ್ಕಾರ. ಈ ಸರ್ತಿ ಎಲ್ಲಿ ಹೋದೆ?"
ಹೊಸ ಗೆರೆ ಬಂದಿದೆ, ಅಂದೆ,
ನಿನ್ನ ಮನೆಯೊಳಗೇ ಹಾದು ಹೋಗಿದೆ.
"ಮತ್ತ ಒಲಿ ಯಾ ಕಡೆ ಐತಿ?"

ವೀಕ್ಷಕರು ನಕ್ಷೆ ಬಿಡಿಸಿದರು.
ಮಡಿಕೆ ಹರಿದದ್ದು ಸರಿಯಾಗಿ ಅಲ್ಲೇ.
ಗೆರೆ ಎಳೆದವರು ಬೇರೆ, ಅಂದರು,
ಯಾದಿ ಬರೆದವರು ಬೇರೆ.
ನಾನು ಈ ಒಂದು ದಿನವನ್ನು ನೋಡಲು ಬಂದವನು,
ಎಂಟರಿಂದ ಐದರವರೆಗೆ.
ಸುಳ್ಳು ಹೇಳುವ ಮನುಷ್ಯನಲ್ಲ. ಕನ್ನಡಕ ತೆಗೆದು
ಒರೆಸಿದ್ದನ್ನೇ ಒರೆಸಿದರು.

ದುರಗವ್ವ ಹೊರಡಲಿಲ್ಲ.
ಎಡಗೈ ಮೇಜಿನ ಮೇಲಿಟ್ಟಳು.
"ಓಟು ಬ್ಯಾಡ ಬಿಡ್ರಿ. ಆ ಕರೀದರೆ ಒಂದೀಟು ಹಚ್ಚರಿ.
ಓಣ್ಯಾಗ ಮಂದಿ ಕೇಳ್ತಾರ."

ನಿಯಮದಲ್ಲಿಲ್ಲ.
ಕಡ್ಡಿ ನನ್ನ ಬೆರಳುಗಳ ನಡುವೆ ಇತ್ತು, ತೊಟ್ಟಿಕ್ಕಲು ಸಿದ್ಧ.
ನಾನು ವೀಕ್ಷಕರನ್ನು ನೋಡಿದೆ.
ಅವರು ಕಿಟಕಿಯಾಚೆ, ಕೋಳಿಯನ್ನು.

ಸಂಜೆ ಮೂವತ್ತೊಂದು ಹೌದುಗಳ ಕೆಳಗೆ ಸಹಿ ಮಾಡಿದೆವು.
ಷರಾ ಕಾಲಮ್ಮು ಒಂದೂವರೆ ಅಂಗುಲ ಅಗಲ.
ಅದರಲ್ಲಿ ಅವರು ಏನೋ ಬರೆದರು, ಹೊಡೆದುಹಾಕಿದರು,
ಬೆಳಕಿಗೆ ಹಿಡಿದು ನೋಡಿ, ಹೊಡೆದದ್ದರ ಮೇಲೆಯೇ ಮತ್ತೆ ಬರೆದರು.
ಜೀಪಿನಲ್ಲಿ ಪೆಟ್ಟಿಗೆ ಕುಲುಕುತ್ತ ಹೋಯಿತು.

ನನ್ನ ಹೆಬ್ಬೆರಳಿಗೆ ಮೆತ್ತಿದ್ದ ಕಪ್ಪು
ತಿಂಗಳಾದರೂ ಹೋಗಲಿಲ್ಲ.
ಯಾರ ಲೆಕ್ಕದ್ದೆಂದು ಮಕ್ಕಳು ಕೇಳಿದರು,
ಮಗ್ಗಿ ಹೇಳಿಸಿದೆ.