ಹೆಸರು, ವಿಳಾಸ

ಕಾಯಿದೆ ಹೇಳುತ್ತದೆ: ಕರಡಿಗೆ ಊಟ ಇಟ್ಟ ಕಡೆ
ಇಟ್ಟವರ ಹೆಸರು, ವಿಳಾಸ ಕಾಣುವಂತೆ ಇರಬೇಕು.
ಬರೆದೆ. ಸ್ಪ್ರೂಸ್ ಮರಕ್ಕೆ ತಗಡಿನ ಚೀಟಿಯನ್ನು ತಂತಿಯಲ್ಲಿ ಬಿಗಿದೆ:
ಝೆಲೀ ವಿಲೆಟ್, ಗಿರಣಿ ರಸ್ತೆ, ಫೋರ್ಟ್ ಕೆಂಟ್, ಮೇಯ್ನ್.
ಏನಾದರೂ ದೂರಿದ್ದರೆ ಕಾಗದ ಹಾಕುತ್ತದೆ ಬಿಡು
ಎಂದು ನಕ್ಕರು ಅಡೆಲಾರ್ ಚಿಕ್ಕಪ್ಪ,
ಮಂಡಿ ಸವೆದು ಮರ ಹತ್ತಲಾರದೆ
ಈ ವರ್ಷ ಬಂದೂಕನ್ನು ನನಗೆ ಕೊಟ್ಟವರು.

ಜುಲೈ ಕೊನೆಯಿಂದ ದಿನ ಬಿಟ್ಟು ದಿನ
ನೀಲಿ ಪೀಪಾಯಿಗೆ ಸುರಿದೆ:
ಮಾರದೆ ಉಳಿದ ಡೋನಟ್ಟು ಎರಡು ಬಕೆಟ್ಟು
(ಗುಲಾಬಿ ಸಕ್ಕರೆ ಮೆತ್ತಿದವೂ ಇದ್ದವು,
ಯಾರದೋ ರದ್ದಾದ ಹುಟ್ಟುಹಬ್ಬದವು),
ಮೀನು ಕರಿದು ಕಪ್ಪಾದ ಎಣ್ಣೆ, ಕಾಕಂಬಿ,
ಮೇಲೆ ನಾಲ್ಕು ಹನಿ ಸೋಂಪಿನ ಎಣ್ಣೆ.
ಆ ವಾಸನೆ ತಲೆಗೂದಲಿಗೆ ಹತ್ತಿ
ಚರ್ಚಿನಲ್ಲಿ ಇಡೀ ಬೆಂಚು ನನಗೊಬ್ಬಳಿಗೇ.

ಬೇಟೆ ತೆರೆದ ದಿನ
ಹದಿನೈದು ಅಡಿ ಮೇಲೆ, ಮರಕ್ಕೆ ಕಟ್ಟಿದ
ಊಟದ ತಟ್ಟೆಯಷ್ಟು ಅಗಲದ ಕುರ್ಚಿಯಲ್ಲಿ ಕೂತೆ.
ಕೆಮ್ಮಬಾರದು. ಸೊಳ್ಳೆ ಹೊಡೆಯಬಾರದು.
ಕಿವಿಯ ಹಿಂದೆ ನೊರಜು ಪಂಕ್ತಿ ಮುಗಿಸಿ ಏಳುವತನಕ
ನಾನೇ ತುತ್ತು.

ಬಂದವರು ಯಾರು? ಒಂದು ಕೆಂಪಳಿಲು.
ತನಗಿಂತ ದೊಡ್ಡ ಡೋನಟ್ಟನ್ನು ಕೊರಳಿಗೆ ಹಾಕಿಕೊಂಡು
ಹೂಮಾಲೆ ಬಿದ್ದ ಮಂತ್ರಿಯಂತೆ ಹೋಯಿತು.

ಕ್ಯಾಮೆರಾದಲ್ಲಿ ಮುನ್ನೂರ ಹನ್ನೆರಡು ಚಿತ್ರ,
ಎಲ್ಲವೂ ರಾತ್ರಿ ಎರಡು ಗಂಟೆಯ ಮೇಲಿನವು.
ಬೂದು ಬೆನ್ನು. ಬೂದು ಅಂಡು. ಮತ್ತೆ ಬೆನ್ನು.
ಒಂದರಲ್ಲಿ ಮಾತ್ರ ಮೂಗು, ಗಾಜಿಗೆ ಒತ್ತಿ,
ಒಳಗೆ ಯಾರಿದ್ದೀರಿ ಎಂದು ಕೇಳುವ ಹಾಗೆ.
ಸಂಜೆ ಕಾಯುವವಳು ನಾನು, ನಡುರಾತ್ರಿ ಉಣ್ಣುವವನು ಅವನು.
ಒಂದೇ ಪೀಪಾಯಿ, ಎರಡು ಪಾಳಿ.

ಆರನೆಯ ಸಂಜೆ ತಾಯಿ ಬಂತು, ಹಿಂದೆ ಎರಡು ಮರಿ.
ಹತ್ತಿದವು, ಜಾರಿದವು, ಮತ್ತೆ ಹತ್ತಿದವು.
ಬಂದೂಕು ತೊಡೆಯ ಮೇಲೆ ಮಲಗಿಯೇ ಇತ್ತು.
ಆ ಸಂಜೆಯನ್ನು ನಷ್ಟಕ್ಕೆ ಬರೆಯಲೋ ಲಾಭಕ್ಕೋ
ಇನ್ನೂ ತಿಳಿದಿಲ್ಲ.

ಒಂಬತ್ತನೆಯದು, ಗಾಳಿ ತಿರುಗಿತು.
ಪೊದೆಯೊಳಗೆ ಬುಸ್ಸೆಂದು ಒಂದು ಉಸಿರು,
ಆಮೇಲೆ ಕಾಡಿಗೆ ಕಾಡೇ ಖಾಲಿ.
ಮರುವಾರ ಬೀಚ್ ಮರಗಳು ಕಾಯಿ ಉದುರಿಸತೊಡಗಿದವು.
ಇನ್ನು ನನ್ನ ಹಳಸಲು ಯಾರಿಗೆ ಬೇಕು?
ಹೊತ್ತದ್ದೆಲ್ಲ ಹೊಳೆಯಲ್ಲಿ ಕಿವುಚಿದ ಹುಣಸೆ.
ಚಿಕ್ಕಪ್ಪ ಟ್ರಕ್ಕಿನಲ್ಲಿ ಕೂತು
ಪ್ರತಿ ರಾತ್ರಿ ಒಂದೇ ಮಾತು: ನಾಳೆ.

ಹದಿನಾಲ್ಕನೆಯ ಸಂಜೆ
ನೋಡಿದೆ: ಜರೀಗಿಡ.
ರೆಪ್ಪೆ ಬಡಿದು ನೋಡಿದೆ: ಕರಡಿ.
ಎರಡರ ನಡುವೆ ಒಂದು ಕಡ್ಡಿಯೂ ಮುರಿದಿರಲಿಲ್ಲ.
ಬೆನ್ನು ಕೊಟ್ಟು ಕೂತ. ನಿಧಾನ ಉಂಡ.
ಕಾಲು ಗಂಟೆ, ಬೆಳಕು ಬಟ್ಟಲಿನಿಂದ ಬಸಿಯುವಂತೆ ಬಸಿಯಿತು.
ಎದೆ ಬಡಿತ ಅವನಿಗೆ ಕೇಳಿಸೀತೆಂದು
ಅಂಗಿಯ ಮೇಲೆ ಅಂಗೈ ಒತ್ತಿಕೊಂಡೆ.
ಯಾರಿಗೂ ನಾನು ಇಷ್ಟು ಮೈಯೆಲ್ಲ ಕಣ್ಣಾಗಿ
ಬಡಿಸಿದವಳಲ್ಲ.

ತಿರುಗಿದ.

ನಲವತ್ತು ಹೆಜ್ಜೆ ಓಡಿದ, ಬಿದ್ದ,
ಆಮೇಲೆ ಒಂದು ನರಳು. ಉದ್ದ. ಮನುಷ್ಯರದೇ.
ಇದನ್ನು ಯಾರೂ ನನಗೆ ಹೇಳಿರಲಿಲ್ಲ.
ರಸ್ತೆಯಲ್ಲಿ ಚಿಕ್ಕಪ್ಪ ಟೋಪಿ ತೆಗೆದಿದ್ದರಂತೆ.
ಟಾರ್ಚು ಹಿಡಿದು ಬಗ್ಗಿದೆ.
ಸೋಂಪು, ಸಕ್ಕರೆ, ಸುಟ್ಟ ಎಣ್ಣೆ:
ಅವನ ಬಾಯಿಂದ ನನ್ನ ತಲೆಗೂದಲಿನದೇ ವಾಸನೆ.

ಪೀಪಾಯಿ ತೊಳೆದು ತಂದೆವು. ತಂತಿ ಬಿಚ್ಚಿದೆ.
ಹೆಸರಿದ್ದ ಕಡೆ ತೊಗಟೆ ಚೂರು ತಿಳಿಯಾಗಿತ್ತು.

ನವೆಂಬರಿನಲ್ಲಿ ಕೊಬ್ಬು ಕಾಯಿಸಿದೆ. ಮೂರು ಜಾಡಿ,
ಹಿಮದಷ್ಟು ಬಿಳಿ. ಒಂದನ್ನು ಡೋನಟ್ ಅಂಗಡಿಯ ಕ್ಲೊರಿಂದ್‌ಗೆ ಕೊಟ್ಟೆ.
ನಮ್ಮಲ್ಲಿ ಪ್ಲೋಯ್ ಎಂಬ ದೋಸೆ ಇದೆ,
ಒಂದೇ ಮಗ್ಗುಲು ಬೇಯುವುದು, ಮಗುಚುವುದಿಲ್ಲ.
ಬಿಸಿ ಬಿಸಿ ಇರುವಾಗಲೇ ಅದರ ಕಣ್ಣು ಕಣ್ಣಿಗೂ
ಆ ಕೊಬ್ಬು ಸವರಿ
ಚಿಕ್ಕಪ್ಪನಿಗೆ ನಾಲ್ಕು, ನನಗೆ ಮೂರು.
ರುಚಿ ಕೇಳಬೇಡಿ.
ಚೆನ್ನಾಗಿತ್ತು.