ಒಂದು ಮೀಟರ್ ಕಮ್ಮಿ

ಇಡ್ವಾಲ್ ಕುದುರೆಯಿಂದ ಇಳಿದವನೇ ನಕ್ಕ:
"ಎಡುವಿಹೆಸ್, ಇದು ಆಂಟೆನಾನೋ,
ಬಟ್ಟೆ ಒಣಹಾಕುವ ಹಗ್ಗವೋ?"

ನೂರು ಮೀಟರ್ ತಂತಿ ಕಟ್ಟಿದ್ದೆ ನಾನು
ಮಾಡಿನಿಂದ ಕುರಿದೊಡ್ಡಿಯವರೆಗೆ.
ಬೇಲಿಯಿಂದ ಬಿಚ್ಚಿ ತಂದದ್ದು,
ನನ್ನ ಪಾಲು ತಮ್ಮನ ಪಾಲು
ಬೇರೆ ಮಾಡಿದ ಬೇಲಿ.
ದೊಡ್ಡ ಬಲೆಗೆ ದೊಡ್ಡ ಮೀನು ಅಂದುಕೊಂಡಿದ್ದೆ.
ಬಿದ್ದದ್ದೆಲ್ಲ ಕಸ:
ಬ್ರೆಜಿಲಿನ ಗುಡುಗು,
ಯಾವನೋ ಪಾದ್ರಿಯ ಅರ್ಧ ಪ್ರಾರ್ಥನೆ,
ಎಣ್ಣೆಬಾವಿಯ ಮೋಟಾರಿನ ಗೊರಕೆ,
ಅದರ ತಳದಲ್ಲೆಲ್ಲೋ
ಮೂಟೆಯೊಳಗಿನ ಬೆಕ್ಕಿನ ಹಾಗೆ
ಆಸ್ಪತ್ರೆಯ ಸಂಜೆಯ ಸುದ್ದಿ.

ನಾನು ರೊಟ್ಟಿ ನಾದುತ್ತಿದ್ದ ಹಲಗೆಯ ಹಿಟ್ಟಿನ ಮೇಲೆ
ಬೆರಳಿಂದ ಒಂದು ಅಲೆ ಬರೆದ.
"ಆಸ್ಪತ್ರೆ ಮಾತಾಡುವ ಅಲೆ
ತಲೆಯಿಂದ ಬಾಲಕ್ಕೆ ನಲವತ್ತೆರಡು ಮೀಟರ್.
ಅದರರ್ಧ ಸಾಕು. ಅದರಲ್ಲೂ ಒಂದು ಮೀಟರ್ ಕಮ್ಮಿ."
"ಯಾಕೆ ಕಮ್ಮಿ?"
"ತಂತಿ ಮುಗಿದದ್ದು ಅಲೆಗೆ ತಿಳಿಯೋದು ತಡ.
ಹಾಸಿಗೆ ಇದ್ದಷ್ಟೇ ಕಾಲು ಚಾಚುವ ಬುದ್ಧಿ
ಅದಕ್ಕಿಲ್ಲ."

ಇಕ್ಕಳ ತೆಗೆದ. ಕತ್ತರಿಸಿದ.
ನಡುವೆ ಒಂದು ಒಣ ಕುರಿಮೂಳೆ,
ಅತ್ತ ಹತ್ತು, ಇತ್ತ ಹತ್ತು.
ನನಗೆ ಹೊಟ್ಟೆ ಉರಿಯಿತು, ಅಷ್ಟೂ ತಂತಿ ದಂಡ.
ಆಮೇಲೆ ತೊರೆಯಿಂದ ನೀರು ಹೊತ್ತು ಬರುವಾಗ
ಹೊಳೆಯಿತು.
ಬಕೆಟ್ಟಿನ ನೀರು ಉಕ್ಕಿ ಕಾಲಿಗೆ ಚೆಲ್ಲುವುದು
ಒಂದೇ ಒಂದು ನಡಿಗೆಗೆ.
ನಿಧಾನಿಸಿದರೂ ಇಲ್ಲ, ಓಡಿದರೂ ಇಲ್ಲ.
ಆ ನಡಿಗೆ ಯಾವುದೆಂದು ಹೇಳುವುದು
ಕಾಲಲ್ಲ, ಬಕೆಟ್ಟು.

ಏಳು ಗಂಟೆ.
ಗುಡುಗು ಪೂರ್ತಿ ಹೋಗಲಿಲ್ಲ,
ಕರೆಯದೆ ಬಂದ ನೆಂಟನಂತೆ
ಹಿಂದೆ ಸರಿದು ಗೋಡೆಗೊರಗಿ ಕೂತಿತು.
ಮುಂದೆ ದಾದಿಯ ದನಿ,
ಅವಳು ಹಾಳೆ ಮಗುಚುವುದು ಕೂಡ ಕೇಳುವಷ್ಟು:
ಗುರುವಾರ ಉಣ್ಣೆಯ ಲಾರಿ ಬರುವುದಿಲ್ಲ.
ನಹುವೆಲ್ಕಿರ್ ಮನೆಯವರ ಕನ್ನಡಕ ಸಿದ್ಧವಾಗಿದೆ.
ಬೇರೆ ಯಾರಾದರೂ?

ಒಂದು ಕೆಮ್ಮು.
ಐದು ಚಳಿಗಾಲದಿಂದ ಕಿವಿಗೆ ಬಿದ್ದಿರದ ಕೆಮ್ಮು.
"ನಾನು, ಸೆಗುಂದೊ. ಮೊಣಕಾಲಿನ ಮುಲಾಮು ಮುಗಿದಿದೆ."

ಇಡ್ವಾಲ್ ಮಾಡು ನೋಡತೊಡಗಿದ.
ನನ್ನ ಹೆಬ್ಬೆರಳು ಗುಂಡಿಯ ಮೇಲೆ.
ಒತ್ತಿದೆ. ಮಾತು ಬರಲಿಲ್ಲ. ಬಿಟ್ಟೆ.
ಆಚೆಯಿಂದ, ತುಸು ತಡೆದು:
"ಯಾರದು?"

ಎಂಬತ್ತು ಮೀಟರ್ ತಂತಿ ಸುರುಳಿ ಸುತ್ತಿ
ಬಾಗಿಲ ಪಕ್ಕ ಬಿದ್ದಿದೆ, ಬೇಲಿಗೆ ಹಿಂದಿರುಗಿಸಬೇಕಾದ್ದು.
ನಾಳೆ ನೋಡೋಣ ಅಂತ
ತಿಂಗಳಾಯಿತು.
ಅವನ ಕುರಿಗಳು ಆಗಲೇ
ನನ್ನ ಹುಲ್ಲು ಮೇಯುತ್ತಿವೆ.